ಸೋಮವಾರ ಬರುತ್ತೇನೆ ಎಂಬ ಉತ್ತರ

ಸಿಂಧನೂರು, ೧೫ ಸೆಪ್ಟೆಂಬರ್ ೧೯೯೮, ಮಂಗಳವಾರ

ತೀರಿಕೊಂಡ ಮಗಳು ವಿಶ್ವವಿದ್ಯಾಲಯದಿಂದ ಪತ್ರ ಬರೆದಳೆಂದು ಶಿವಶರಣಪ್ಪನವರು ಓಣಿಯಲ್ಲೆಲ್ಲ ಹೇಳುತ್ತಿರುವುದು ಸರಿಯಲ್ಲ. ಅವರ ಮಗಳು, ನನ್ನ ಶಿಷ್ಯೆ ವೀರಭದ್ರಮ್ಮ ರಜೆಗೆ ಹೊರಡುವಾಗ, 'ಊರಿಗೆ ಹೋಗಿದ್ದೇನೆ, ಸೋಮವಾರ ಬರುತ್ತೇನೆ' ಎಂಬ ಉತ್ತರವನ್ನು ತನ್ನ ಇ-ಮೇಲ್‌ನಲ್ಲಿ ಇರಿಸಿದ್ದಳು. ಮಸ್ಕಿಯ ಬಳಿ ಬಸ್ಸು ಉರುಳಿತು. ಯಾರು ಬರೆದರೂ ಯಂತ್ರವು ಇಂದಿಗೂ ಅದನ್ನೇ ಕಳುಹಿಸುತ್ತಿದೆ.

ಖಾತೆ ಮುಚ್ಚಲು ವಿಶ್ವವಿದ್ಯಾಲಯ ತಂದೆಯ ಒಪ್ಪಿಗೆ ಕೇಳಿದೆ. ಅದನ್ನು ಬರೆಸಲೆಂದು ಇಂದು ಆದೆಪ್ಪನ ಕಂಪ್ಯೂಟರ್ ಅಂಗಡಿಗೆ ಹೋದೆವು. ತಾಯಿ ಶೇಖರಮ್ಮ ನನ್ನ ಕೈ ಹಿಡಿದರು.

"ಬಂದ್ ಮಾಡಸಬ್ಯಾಡ್ರೀ ಅಕ್ಕೋರೇ. ಯಾವಾಗ ಬರ್ತಾಳಂತ ಇನ್ನೊಮ್ಮೆ ಕೇಳ್ರೀ."

"ಯವ್ವಾ, ಅದು ಮಿಷಿನ್ ಮಾತಾಡಾಕತ್ತೈತಿ," ಎಂದ ಆದೆಪ್ಪ.

ಗೊತ್ತಿದ್ದೂ ನಾನೇ ಬರೆಸಿದೆ: 'ವೀರಭದ್ರಾ, ಎಲ್ಲಿರುವೆ?' ಉತ್ತರ ಬಂದಿತು. ಶೇಖರಮ್ಮ ಪರದೆಯನ್ನು ಸವರಿ ನಕ್ಕರು. ಒಪ್ಪಿಗೆ ಬರೆಸಲು ನನ್ನಿಂದಾಗಲಿಲ್ಲ.

ಆಗ ಅಲ್ಲಿದ್ದವರು ಶಿವಶರಣಪ್ಪನವರು, ಶೇಖರಮ್ಮ, ಆದೆಪ್ಪ, ನಾನು ಮತ್ತು ವೀರಭದ್ರಮ್ಮ.