ಜಲಜೆಗೆ ಹಸಿರು ಬಳೆ

ಡೊಂಬಿವ್ಲಿ, 18 ಜನವರಿ 2011, ಮಂಗಳವಾರ

ನನ್ನ ಕಥೆಯ ಜಲಜೆಯ ಮಗುವನ್ನು ಇವತ್ತು ಸಾಯಿಸಬೇಕಿತ್ತು. ಆಗಲಿಲ್ಲ.

ಬರೆಯುತ್ತಿರುವುದನ್ನು ಲೋಕಲ್ ರೈಲಿನಲ್ಲಿ ಬಾಯಿಬಿಡಲೇಬಾರದಿತ್ತು. ಲೇಡೀಸ್ ಡಬ್ಬಿಯ ಗೆಳತಿಯರು ದಿನಾ ‘ಮುಂದೇನಾಯ್ತು’ ಎಂದು ಪೀಡಿಸಿ, ಸಣ್ಣಕಥೆಯಾಗಬೇಕಿದ್ದದ್ದನ್ನು ಕಾದಂಬರಿ ಮಾಡಿಬಿಟ್ಟರು. ಜಲಜೆಗೆ ಏಳು ತಿಂಗಳು ತುಂಬಿತು ಎಂದು ನಿನ್ನೆ ಹೇಳಿದ್ದೆ, ಅಷ್ಟೇ. ಇವತ್ತು ಠಾಣೆ ದಾಟುತ್ತಿದ್ದಂತೆ ಸೋನಾಲಿ ಎಲ್ಲರಿಗೂ ಪೇಢಾ ಹಂಚಿದಳು. ಜಯಲತಾ ಪರ್ಸಿನಿಂದ ಹಸಿರು ಗಾಜಿನ ಬಳೆ ತೆಗೆದು ನನ್ನ ಕೈಗೆ ತೊಡಿಸಿದಳು.

“ಅವಳು ಬರೀ ಕಥೆಯವಳು ಮಾರಾಯ್ತಿ,” ಎಂದೆ.

“ಗೊತ್ತುಂಟು. ಹಾಗಂತ ಸೀಮಂತ ಇಲ್ಲದೆ ಹೆರಬೇಕಾ? ಅವಳಿಗೆ ತವರಿನವರು ಯಾರೂ ಇಲ್ಲ ಅಂತ ನೀನೇ ಹೇಳಿದ್ದಲ್ವಾ?” ಎಂದಳು.

ತವರಿಲ್ಲದವಳನ್ನಾಗಿ ಮಾಡಿದ್ದು ಕಥೆ ಬಿಗಿಯಾಗಲಿ ಎಂದು. ಮಗುವಿನ ಸಾವನ್ನು ಯೋಚಿಸಿದ್ದೂ ಅದಕ್ಕೇ. ಪಾತ್ರ, ತಿರುವು, ಮುಕ್ತಾಯ ಎಲ್ಲ ನನ್ನಿಷ್ಟ ಎಂದುಕೊಂಡಿದ್ದೆ. ಈಗ ಬರೆಯಲು ಕೂತರೆ ಪದಪದಕ್ಕೂ ಬಳೆ ಸದ್ದು ಮಾಡುತ್ತದೆ. ತೆಗೆದಿಟ್ಟು ಬರೆಯೋಣವೆಂದರೆ, ತುಂಬಿದ ಬಸುರಿಯ ಕೈಬಳೆಯನ್ನು ಯಾರಾದರೂ ತೆಗೆಸುತ್ತಾರೆಯೇ?