ನಮ್ಮಪ್ಪನ ಹೆಸರಿಗೆ ಅಂಟು ಹಚ್ಚಿದವರಿಗೆ

ಸೈನಿಕ ಸ್ಮಾರಕ ಭವನದ ಮಾನ್ಯ ನಿರ್ದೇಶಕರೇ,

ನಮ್ಮಪ್ಪನಿಗೆ ಒಂದು ಹೆಸರಿದೆ. ಅದಕ್ಕೆ ನಿಮ್ಮ ಸಿಬ್ಬಂದಿ ಅಂಟು ಹಚ್ಚಿ ಹಲಗೆಗೆ ಒತ್ತಿಬಿಟ್ಟಿದ್ದಾರೆ. ಒತ್ತಿದ ಮೇಲೆ ಅದೇ ಹಲಗೆಯ ಕೆಳಗೆ ಹಿತ್ತಾಳೆಯ ಪಟ್ಟಿ ಬಡಿದು, ‘ಹೆಸರು ತಿಳಿದುಬಂದಿಲ್ಲ’ ಎಂದು ಕೆತ್ತಿಸಿದ್ದಾರೆ. ಕೆತ್ತನೆ ಬಹಳ ಅಂದವಾಗಿದೆ. ಒಂದು ಕಾಗುಣಿತದ ತಪ್ಪೂ ಇಲ್ಲ.

ಕಳೆದ ವರ್ಷ ತಾವು ಹೊರಡಿಸಿದ ಪ್ರಕಟಣೆ ನನ್ನ ಹೊಲಿಗೆ ಅಂಗಡಿಯ ಗೋಡೆಯ ಮೇಲೆ ಇನ್ನೂ ಇದೆ. ‘ಸೇನೆಯಲ್ಲಿ ಸೇವೆ ಸಲ್ಲಿಸಿದ ನಿಮ್ಮ ತಂದೆಯವರ ಹಳೆಯ ಭಾವಚಿತ್ರ ನೀಡಿ, ಅವರನ್ನು ಗೌರವಿಸೋಣ’ ಎಂಬ ಕರೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಸೂಚನೆಗಳು. ಮೂಲಪ್ರತಿಯನ್ನೇ ಕೊಡತಕ್ಕದ್ದು. ನಕಲು ಸ್ವೀಕರಿಸಲಾಗದು. ಹೆಸರನ್ನು ಭಾವಚಿತ್ರದ ಹಿಂಬದಿಯಲ್ಲಿಯೇ ಬರೆಯತಕ್ಕದ್ದು. ತಕ್ಕದ್ದನ್ನೆಲ್ಲ ನಾವು ಮಾಡಿದೆವು ಸ್ವಾಮಿ. ತಕ್ಕುದಲ್ಲದ್ದನ್ನು ಮಾತ್ರ ನೀವು ಮಾಡಿದಿರಿ.

ಆ ಫೋಟೋ ಯಾವುದು ಎಂದು ಮೊದಲು ಹೇಳುತ್ತೇನೆ, ಏಕೆಂದರೆ ನಿಮ್ಮಲ್ಲಿ ಯಾರೂ ಕೇಳಲಿಲ್ಲ. ನಮ್ಮಪ್ಪ ಸೇನೆಯಲ್ಲಿ ದರ್ಜಿ. ತುಕಡಿಯವರ ಹರಿದ ಬಟ್ಟೆ ಹೊಲಿಯುವುದು, ಗುಂಡಿ ಹಾಕುವುದು ಅವರ ಕೆಲಸ. ಅದಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸವಿತ್ತು. ಪ್ರತಿಯೊಬ್ಬನ ಅಂಗಿಯ ಕಾಲರಿನ ಒಳಗೆ, ಕುತ್ತಿಗೆಗೆ ತಾಗುವ ಕಡೆ, ಬಿಳಿ ಬಟ್ಟೆಯ ಪಟ್ಟಿಯ ಮೇಲೆ ಕಪ್ಪು ನೂಲಿನಲ್ಲಿ ಅವನ ಹೆಸರು, ಸಂಖ್ಯೆ ಹೊಲಿಯುವುದು. ಮುಖ ಗುರುತು ಸಿಗದ ಹೊತ್ತಿಗೆ ಬೇಕಾಗುವ ಹೆಸರು ಅದು. ಇನ್ನೂ ಬಿಡಿಸಿ ಹೇಳಬೇಕೆ?

ಫೋಟೋದಲ್ಲಿ ಅಪ್ಪ ಡೇರೆಯೊಳಗೆ ಹೊಲಿಗೆ ಯಂತ್ರದ ಹಿಂದೆ ಕೂತಿದ್ದಾರೆ. ಕೊರಳಲ್ಲಿ ಅಳತೆ ಟೇಪು. ಕೈಯಲ್ಲಿ ಒಂದು ಪುಟ್ಟ ಅಂಗಿಯನ್ನು ಎತ್ತಿ ಹಿಡಿದಿದ್ದಾರೆ, ಮಿಕ್ಕ ಸಮವಸ್ತ್ರದ ಬಟ್ಟೆಯಲ್ಲಿ ಹೊಲಿದದ್ದು. ಆ ಅಂಗಿ ನನಗೆ. ನಾನು ಹುಟ್ಟಿ ಇಪ್ಪತ್ತು ದಿನವಾಗಿತ್ತಂತೆ. ಹಿಂಬದಿಯಲ್ಲಿ ಬರೆದಿದ್ದರು: ‘ಮಗಳು ಹುಟ್ಟಿದ್ದು ತಿಳಿಯಿತು. ಇದು ಅಂದಾಜಿನ ಮೇಲೆ ಹೊಲಿದದ್ದು. ಅಳತೆ ಕಳಿಸು, ಸರಿಯಾಗಿ ಹೊಲಿಯುತ್ತೇನೆ.’ ಕೆಳಗೆ ಹೆಸರು, ಸೇನೆಯ ಸಂಖ್ಯೆ ಸಮೇತ. ಹೆಂಡತಿಗೆ ಬರೆಯುವಾಗಲೂ ಸಂಖ್ಯೆ ಹಾಕಿದ ಪುಣ್ಯಾತ್ಮ! ಕೈಗೆ ಅಂಟಿದ ಅಭ್ಯಾಸ.

ಅಮ್ಮ ನನ್ನ ಎದೆಯ ಸುತ್ತಳತೆಗೆ ನೂಲು ಹಿಡಿದು, ಕತ್ತರಿಸಿ, ಲಕೋಟೆಯಲ್ಲಿ ಹಾಕಿ ಕಳಿಸಿದಳು. ನೂಲು ತಲುಪುವ ಮೊದಲೇ ಅಪ್ಪ ಇದ್ದ ಲಾರಿ ಕಮರಿಗೆ ಉರುಳಿತು. ಒಂಬತ್ತು ಜನ. ಯಾರು ಯಾರೆಂದು ಕಾಲರು ನೋಡಿ ಹೇಳಿದರಂತೆ, ಅಪ್ಪನನ್ನೂ ಸೇರಿಸಿ. ಅಪ್ಪನ ಅಂಗಿಯ ಕಾಲರನ್ನು ಅಮ್ಮನಿಗೆ ಕಳಿಸಿಕೊಟ್ಟರು. ಲಕೋಟೆ ಒಡೆಯದೆಯೇ ವಾಪಸು ಬಂತು.

ಆದ್ದರಿಂದ ಆ ಮೂರು ಸಾಲು ನಮ್ಮಪ್ಪ ನನ್ನ ಬಗ್ಗೆ ಬರೆದ ಒಟ್ಟು ಬರಹ. ಬೇರೆ ಕಾಗದಗಳು ಮನೆ ಬದಲಿಸುವಾಗ ಗೆದ್ದಲಿಗೆ ಹೋದವು. ಅಮ್ಮ ಆ ಫೋಟೋವನ್ನು ಕಪಾಟಿನ ಮೇಲೆ ತಿರುಗಿಸಿ ಇಟ್ಟಿರುತ್ತಿದ್ದಳು, ಮುಖ ಗೋಡೆಗೆ, ಬರಹ ನಮಗೆ. ಮನೆಗೆ ಬಂದವರು ಪಾಪ, ತಪ್ಪಾಗಿದೆಯೆಂದು ಸರಿ ಮಾಡುವರು. ಅವರು ಬಾಗಿಲು ದಾಟಿದೊಡನೆ ಅಮ್ಮ ಮತ್ತೆ ತಿರುಗಿಸುವಳು. “ಮುಖ ಎಲ್ಲಿ ಮರೆಯುತ್ತೆ ಬಿಡು, ನಿನ್ನ ಮೂತೀಲೇ ಇದೆ. ಅಕ್ಷರ ಎಲ್ಲಿಂದ ತರ್ಲಿ?” ಎನ್ನುವಳು. ಈಗ ಅವಳಿಗೆ ಎಂಬತ್ತು ದಾಟಿದೆ, ಕಣ್ಣು ಮಂಜು. ಆದರೂ ಓದುತ್ತಿದ್ದಳು. ಅಪ್ಪ ಸೂಜಿ ಚುಚ್ಚುವ ಹಾಗೆ ಪೆನ್ನು ಒತ್ತಿ ಬರೆಯುವವರು. ಅಕ್ಷರದ ಗುಳಿಗಳು ಬೆರಳಿಗೆ ಸಿಗುತ್ತಿದ್ದವು.

ಅದನ್ನು ಕೊಡು ಎಂದು ಅವಳ ಬೆನ್ನು ಬಿದ್ದವಳು ನಾನು. ಆ ಪಾಪ ನನ್ನದೇ, ನಿಮ್ಮ ತಲೆಗೆ ಕಟ್ಟುವುದಿಲ್ಲ. “ಎಲ್ಲರೂ ನೋಡ್ಲಿ ಅಮ್ಮ, ಅಪ್ಪಂಗೂ ಒಂದು ಗೌರವ ಅಂತ ಆಗ್ಲಿ” ಎಂದೆ. “ವಾಪಸ್ ಕೊಡ್ತಾರೇನೇ?” ಎಂದಳು. ಕೊಡುತ್ತಾರೆ, ಸರ್ಕಾರದವರು, ರಸೀದಿಯನ್ನೂ ಕೊಡುತ್ತಾರೆ ಎಂದೆ. ನನ್ನ ಬುದ್ಧಿಗಿಷ್ಟು.

ಉದ್ಘಾಟನೆಯ ದಿನ ತಾವು ನಲವತ್ತು ನಿಮಿಷ ಮಾತಾಡಿದಿರಿ. ಗೋಡೆಗೆ ‘ನಾವು ಮರೆತಿಲ್ಲ’ ಎಂದು ಹೆಸರಿಟ್ಟ ಕಾರಣ ವಿವರಿಸಿದಿರಿ. ಅದೇ ಗೋಡೆಯ ಮೇಲೆ ನಲವತ್ತಮೂರು ಕಡೆ ‘ಹೆಸರು ತಿಳಿದುಬಂದಿಲ್ಲ’ ಎಂದಿದೆ, ನಾನೇ ಎಣಿಸಿದೆ. ಮರೆತಿಲ್ಲ, ಆದರೆ ತಿಳಿದಿಲ್ಲ! ಸ್ಟುಡಿಯೋದವನು ಮುಂಭಾಗದಲ್ಲೇ ಹೆಸರು ಅಚ್ಚು ಹಾಕಿದ್ದ ದೊಡ್ಡ ಅಧಿಕಾರಿಗಳು ಬಚಾವಾದರು. ನಿಮ್ಮ ಸೂಚನೆ ಪಾಲಿಸಿ ಹಿಂದೆ ಬರೆದವರು ಅನಾಮಧೇಯರಾದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎಂಬ ಮಾತು ಕೇಳಿರಬೇಕು. ನೀವು ಅಪ್ಪಂದಿರನ್ನು ಮಾಡಲು ಹೋಗಿ ಯಾರೂ ಅಲ್ಲದವರನ್ನು ಮಾಡಿದಿರಿ.

ಅಮ್ಮ ಅಪ್ಪನ ಚಿತ್ರದ ಮುಂದೆ ನಿಂತು, “ಕೆಳಗೆ ಏನು ಬರೆದಿದಾರೆ?” ಎಂದಳು. ನಾನು ಬಾಯಿಬಿಟ್ಟು ಸುಳ್ಳು ಹೇಳಿದೆ. “ಅಪ್ಪನ ಹೆಸರು ಅಮ್ಮ.” ಅವಳ ಮುಖ ಅರಳಿತು. ಆಮೇಲೆ ಬರಹ ಮುಟ್ಟಿ ನೋಡೋಣವೆಂದು ಚೌಕಟ್ಟಿನ ಹಿಂದಕ್ಕೆ ಕೈ ಹಾಕಿದಳು. ಕಾವಲಿನವನು ಓಡಿಬಂದು, “ಅಜ್ಜಿ, ಮುಟ್ಟಬಾರದು” ಎಂದ. ಒಳ್ಳೆಯ ಹುಡುಗ, ಮೆಲ್ಲಗೇ ಹೇಳಿದ. ಅವನಿಗೇನು ಗೊತ್ತು, ಮುಟ್ಟಿದರೂ ಅಲ್ಲಿ ಬರೀ ಹಲಗೆಯೆಂದು.

ಮರುದಿನವೇ ನಿಮ್ಮ ದಾಖಲೆ ವಿಭಾಗಕ್ಕೆ ಹೋದೆ. ಗುಮಾಸ್ತರು ಕನ್ನಡಕ ಏರಿಸಿ ಕೇಳಿದರು, “ಹಿಂದೆ ಹೆಸರು ಬರೆದಿದ್ರಾ?”

“ಇತ್ತು ಸಾರ್. ಅವರ ಕೈಬರಹದಲ್ಲೇ.”

“ಹಂಗಾದ್ರೆ ಹೆಸರು ಯಾಕೆ ಬಂದಿಲ್ಲ?”

“ನೀವು ಅಂಟಿಸಿಬಿಟ್ಟಿದೀರಲ್ಲ.”

“ಅಂಟಿಸಿದ್ಮೇಲೆ ಹೆಂಗಮ್ಮ ನೋಡೋದು?”

“ಅಂಟಿಸೋಕೆ ಮುಂಚೆ ನೋಡ್ಬೋದಿತ್ತಲ್ಲ ಸಾರ್?”

“ಅಂಟಿಸೋರು ಬೇರೆ, ನೋಡೋರು ಬೇರೆ.”

ನಿರ್ದೇಶಕರೇ, ಈ ಮಾತನ್ನು ನಿಮ್ಮ ಭವನದ ಹೆಬ್ಬಾಗಿಲಿಗೆ ಕೆತ್ತಿಸಬಹುದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ಅರ್ಜಿಯಲ್ಲಿ ಹೆಸರಿದೆಯಲ್ಲ ಎಂದೆ. ಅರ್ಜಿಗಳು ಇನ್ನೊಂದು ಕೋಣೆಯಲ್ಲಿವೆಯಂತೆ, ಭದ್ರವಾಗಿವೆಯಂತೆ. ಆದರೆ ಯಾವ ಅರ್ಜಿ ಯಾವ ಫೋಟೋದ್ದೆಂದು ಗೊತ್ತಾಗಬೇಕಾದರೆ ಫೋಟೋದ ಹಿಂದಿನ ಹೆಸರು ನೋಡಬೇಕಂತೆ!

ಅಂಗಡಿಗೆ ಓಡಿ, ಅಪ್ಪನ ಆ ಕೊನೆಯ ಅಂಗಿಯ ಕಾಲರು ತಂದು ಮೇಜಿನ ಮೇಲೆ ಇಟ್ಟೆ. ಬಿಳಿ ಪಟ್ಟಿ ಹಳದಿಯಾಗಿದೆ, ಕಪ್ಪು ನೂಲು ಒಂದೆಳೆ ಬಿಟ್ಟಿಲ್ಲ. ಹೆಸರು, ಸಂಖ್ಯೆ, ಎಲ್ಲ ಅವರೇ ಹೊಲಿದದ್ದು. ಇದೇ ಹೆಸರನ್ನು ಪಟ್ಟಿಗೆ ಹಾಕಿ ಎಂದೆ. ಗುಮಾಸ್ತರು ಅದನ್ನು ಪೆನ್ನಿನ ತುದಿಯಲ್ಲಿ ಸರಿಸಿ, “ಇದು ಬಟ್ಟೆ ಅಮ್ಮ, ದಾಖಲೆ ಅಲ್ಲ” ಎಂದರು.

ಮೈಯೆಲ್ಲ ಉರಿದುಹೋಯಿತು. ಈ ಬಟ್ಟೆ ನೋಡಿಯೇ ಅಲ್ಲವೇ ನಿಮ್ಮ ಸೇನೆ ನನ್ನಪ್ಪನನ್ನು ನನ್ನಪ್ಪ ಎಂದು ಗುರುತಿಸಿದ್ದು? ಈ ಬಟ್ಟೆ ನಂಬಿಯೇ ಅಲ್ಲವೇ ಇಪ್ಪತ್ತಮೂರು ವರ್ಷದ ಹೆಂಗಸಿಗೆ ‘ನಿಮ್ಮ ಪತಿ ಇನ್ನಿಲ್ಲ’ ಎಂದು ತಂತಿ ಕೊಟ್ಟದ್ದು? ಸತ್ತವನ ಹೆಸರು ಹೇಳಲು ಬಟ್ಟೆ ಸಾಕು, ಗೋಡೆಯ ಮೇಲೆ ಹಾಕಲು ಸಾಲದೇ?

ಅಷ್ಟರಲ್ಲಿ ತಮ್ಮ ಸಹಾಯಕರೊಬ್ಬರು ಬಂದರು. ನಗುಮುಖದವರು. “ಯುದ್ಧದಲ್ಲಿ ಹೋಗಿದ್ದಾ?” ಎಂದರು. ಅಲ್ಲ, ಲಾರಿ ಉರುಳಿ ಎಂದೆ. “ಓ... ಹಂಗಾ” ಎಂದರು. ಆ ‘ಓ’ಗೆ ನಾನು ಇಂದಿಗೂ ಉತ್ತರ ಹುಡುಕುತ್ತಿದ್ದೇನೆ. ಆಮೇಲೆ ಸಮಾಧಾನದ ಮಾತು. ಬೇಕಾದರೆ ಇದರದೇ ದೊಡ್ಡ ಪ್ರತಿ ತೆಗೆಸಿಕೊಡುತ್ತಾರಂತೆ, ಕಲೆಗಳನ್ನೆಲ್ಲ ತೆಗೆದು, ಬಣ್ಣ ತುಂಬಿ. “ಒರಿಜಿನಲ್‌ಗಿಂತ ಚೆನ್ನಾಗಿ ಬರುತ್ತೆ ಮೇಡಂ.” ಬರುತ್ತದೆ, ಸಂದೇಹವಿಲ್ಲ. ಮುಖ ಬಹಳ ಚೆನ್ನಾಗಿ ಬರುತ್ತದೆ. ಹಿಂಬದಿ ಬೆಳ್ಳಗೆ, ನುಣ್ಣಗೆ ಬರುತ್ತದೆ. ಅಮ್ಮನ ಬೆರಳು ಅದರ ಮೇಲೆ ಏನು ಓದಬೇಕು?

ನಾನೂ ದರ್ಜಿಯೇ. ನನ್ನ ಕಸುಬಿನಲ್ಲಿ ಬಟ್ಟೆಯ ಹೊರಗಡೆ ನೋಡಿ ಮೆಚ್ಚುವವನು ಗಿರಾಕಿ, ಒಳಗಡೆ ತಿರುಗಿಸಿ ನೋಡುವವನು ಕೆಲಸಗಾರ. ನಿಮ್ಮ ಅಷ್ಟು ದೊಡ್ಡ ಕಚೇರಿಯಲ್ಲಿ ತಿರುಗಿಸಿ ನೋಡುವವನು ಒಬ್ಬನೂ ಇರಲಿಲ್ಲವೇ? ಹೊಲಿಗೆ ತಪ್ಪುವುದು ನನಗೂ ಉಂಟು. ಆಗ ಬಿಚ್ಚುತ್ತೇನೆ, ಮತ್ತೆ ಹೊಲಿಯುತ್ತೇನೆ. ‘ನಿಮ್ಮ ಭುಜವೇ ಸೊಟ್ಟ’ ಎಂದು ಗಿರಾಕಿಗೆ ಹೇಳಿ ಕಳಿಸುವುದಿಲ್ಲ.

ಆದ್ದರಿಂದ ಬಿಚ್ಚಿ. ಹಳೆಯ ಹಸ್ತಪ್ರತಿಗಳ ಅಂಟಿಕೊಂಡ ಹಾಳೆಗಳನ್ನು ಒಂದೊಂದಾಗಿ ಬಿಡಿಸುವ ಕೆಲಸ ಬಲ್ಲವರಿದ್ದಾರೆ, ಅವರನ್ನು ಕರೆಸಿ. ನಿಮ್ಮ ಸಿಬ್ಬಂದಿಯ ಕೈಗೆ ಮಾತ್ರ ಚಾಕು ಕೊಡಬೇಡಿ, ಕೈಮುಗಿಯುತ್ತೇನೆ. ನಲವತ್ತಮೂರನ್ನೂ ಬಿಡಿಸಿ, ಹಿಂದೆ ಇರುವುದನ್ನು ಓದಿ, ಹೆಸರು ಹಾಕಿ, ಮೂಲವನ್ನು ಮನೆಮನೆಗೆ ತಲುಪಿಸಿ. ನಕಲನ್ನು ನೀವಿಟ್ಟುಕೊಳ್ಳಿ, ಬಣ್ಣ ತುಂಬಿಕೊಳ್ಳಿ. ಅದು ಮುಗಿಯುವವರೆಗೆ ‘ನಾವು ಮರೆತಿಲ್ಲ’ ಎಂಬ ಫಲಕವನ್ನು ಕೆಳಗಿಳಿಸಿ.

ಬೇಗ ಮಾಡಿ ಎಂದು ಯಾಕೆ ಹೇಳುತ್ತಿದ್ದೇನೆಂದರೆ, ಕಪಾಟಿನ ಮೇಲೆ ಆ ಜಾಗ ಖಾಲಿಯಿದೆ. ಅಮ್ಮ ಬೆಳಗ್ಗೆ ಎದ್ದು ಅಲ್ಲಿ ಕೈಯಾಡಿಸಿ, “ಇವತ್ತು ತರ್ತೀಯೇನೇ?” ಎಂದು ಕೇಳುತ್ತಾಳೆ. ನಾಳೆ ಎನ್ನುತ್ತೇನೆ. ನಿಮ್ಮಿಂದ ಕಲಿತ ಮಾತು ಅದು. ಮೊನ್ನೆ ಅವಳು ಅಪ್ಪನ ಮೂರು ಸಾಲನ್ನು ಬಾಯಲ್ಲೇ ಹೇಳಿಕೊಳ್ಳುತ್ತಿದ್ದಳು. ‘ಅಳತೆ ಕಳಿಸು’ ಎಂಬಲ್ಲಿಗೆ ಬಂದು ನಿಂತಳು. ಮುಂದಿನದು ನೆನಪಾಗಲಿಲ್ಲ. ನಾನು ಹೇಳಿಕೊಟ್ಟೆ. ಅವಳು ತಲೆಯಾಡಿಸಿ, “ಹಂಗೇ ಇತ್ತಾ? ನೋಡಿ ಹೇಳು” ಎಂದಳು.

ಇಂತಿ,
ಅಂದಾಜಿನ ಮೇಲೆ ಹೊಲಿದ ಅಂಗಿಯ ಒಡತಿ

ನನ್ನ ಹೆಸರನ್ನು ನಿಮ್ಮ ಸೂಚನೆಯ ಪ್ರಕಾರ ಈ ಕಾಗದದ ಹಿಂಬದಿಯಲ್ಲಿ ಸ್ಪಷ್ಟವಾಗಿ ಬರೆದಿದ್ದೇನೆ. ಅಂಟಿಸುವ ಮುಂಚೆ ಒಮ್ಮೆ ತಿರುಗಿಸಿ ನೋಡಿ.