ಕರವಸ್ತ್ರ ಮುಚ್ಚಿದ ಮುಳ್ಳು

ಭಾನುವಾರ, ನವೆಂಬರ್ ೧೪

ನನ್ನ ಗುಬ್ಬಿಗೆ,

ಅಪ್ಪನ ಆಶೀರ್ವಾದ. ನಾವಿಬ್ಬರೂ ಚೆನ್ನಾಗಿದ್ದೀವಿ. ನೀನೂ ಚೆನ್ನಾಗಿದ್ದೀಯ ಅಂದುಕೊಳ್ಳೋಕೆ ಮಾತ್ರ ಮನಸ್ಸು ಒಪ್ಪುತ್ತಿಲ್ಲ. ಕಾಗದ ತಡವಾಯ್ತು, ಬೈಕೋಬೇಡ. ಪೆನ್ನು ಹಿಡಿದು ಅಭ್ಯಾಸ ತಪ್ಪಿದ ಕೈ. ನಿನ್ನಮ್ಮ ದಿನಾ ಬಂದು ಬರೆದ್ರಾ ಅಂತ ಕೇಳ್ತಾಳೆ, ನಾನು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಹೊತ್ತು ಕಳೀತೀನಿ.

ಅಮ್ಮನ ಮಂಡಿ ನೋವು ಹಾಗೇ ಇದೆ, ಬಾಯಿ ಜೋರೂ ಹಾಗೇ ಇದೆ. ಈಗೀಗ ಒಂದೊಂದು ಮಾತನ್ನೂ ಎರಡೆರಡು ಸಲ ಹೇಳ್ತಾಳೆ. ವಯಸ್ಸಾಯ್ತು ಕಣೇ ನಿನಗೆ ಅಂತ ನಾನು ಛೇಡಿಸಿದರೆ ಮುಖ ತಿರುಗಿಸಿಕೊಂಡು ಒಳಗೆ ಹೋಗ್ತಾಳೆ. ಟಿವಿ ಸದ್ದು ಜಾಸ್ತಿ ಅಂತ ಪಕ್ಕದ ಮನೆ ಮೇಷ್ಟ್ರು ತಕರಾರು ತೆಗೆದಿದ್ದಾರೆ. ಅವರಿಗೆ ಯಾವಾಗಲೂ ಏನಾದರೊಂದು ಇದ್ದೇ ಇರುತ್ತೆ.

ಮೊನ್ನೆ ಎಣ್ಣೆ ಮಾಮ ಬಂದಿದ್ದ. ನಿಮ್ಮ ವಿಮಾನ ಕ್ಲಬ್ಬಿನ ಮೆಕ್ಯಾನಿಕ್ಕು, ಈಗಲೂ ಅದೇ ಎಣ್ಣೆ ಕೈ, ಅಮ್ಮನ ಬಿಳಿ ಪರದೆಗೆ ಒಂದು ಗುರುತು ಬಿಟ್ಟೇ ಹೋದ. ಜೀವಮಾನವೆಲ್ಲ ಇಂಜಿನ್ ಪಕ್ಕ ನಿಂತವನು, ಅವನು ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳಿಸುತ್ತೆ. ಅವನೇ ಎಲ್ಲಾ ಹೇಳಿದ. ಮೇಲಕ್ಕೇರುವಾಗಲೇ ನಿನ್ನ ವಿಮಾನದ ಇಂಜಿನ್ ನಿಂತಿತಂತೆ. ನೀನು ಹೊಲದಲ್ಲಿ ಇಳಿಸಿದೆಯಂತೆ. ಪಕ್ಕದಲ್ಲಿದ್ದ ಹೊಸ ವಿದ್ಯಾರ್ಥಿನಿಗೆ ತರಚುಗಾಯವೂ ಇಲ್ಲವಂತೆ. ಇಷ್ಟಾಗಿಯೂ ನೀನು ಹೆಡ್‌ಫೋನ್ ಆಫೀಸಿಗೆ ಒಪ್ಪಿಸಿ, ಇನ್ನು ಹಾರಲ್ಲ, ಕಲಿಸೋದೂ ಇಲ್ಲ ಅಂದೆಯಂತೆ.

ಯಾಕೆ ಅಂತ ಕೇಳಿದರೆ, ಕ್ಲಬ್ಬಿನ ಕಾರ್ಯದರ್ಶಿ ಎಲ್ಲರೆದುರು ಏನೋ ಅಂದರಂತಲ್ಲ. ವಿಮಾನದ ಮೂಗು ಇನ್ನೊಂಚೂರು ಎತ್ತಿ ಹಿಡಿದು ತಿರುಗಿಸಿದ್ದರೆ ರನ್‌ವೇ ಸಿಕ್ತಿತ್ತು, ಚಕ್ರ ಮುರೀತಿರಲಿಲ್ಲ, ಅಂತ. ನನಗೆ ಮೈಯೆಲ್ಲ ಉರಿದುಹೋಯ್ತು. ಕುರ್ಚಿ ಮೇಲೆ ಕೂತು ಯಾರು ಬೇಕಾದರೂ ವಿಮಾನ ಇಳಿಸ್ತಾರೆ.

ನಾವಿದ್ದ ಆ ಇಳಿಜಾರು ಬೀದಿ ನೆನಪಿದೆಯಾ? ಮೇಲಿನ ತುದಿಗೆ ಬೇಕರಿ, ಕೆಳಗಿನ ತುದಿಗೆ ನಮ್ಮ ಗೇಟು. ನಾನು ಹೇಳಿಕೊಟ್ಟ ಸೈಕಲ್ ಆಟದಲ್ಲಿ ಬೇಕರಿ ಮುಂದೆ ಕಾಲೆತ್ತಿದರೆ ಮುಗೀತು, ಆಮೇಲೆ ಪೆಡಲ್ ತುಳಿಯೋ ಹಾಗಿಲ್ಲ, ಬ್ರೇಕ್ ಹಿಡಿಯೋ ಹಾಗಿಲ್ಲ, ಸೈಕಲ್ಲು ಗೇಟಿಗೇ ಬಂದು ನಿಲ್ಲಬೇಕು. ಮೊದಲ ಸಲ ನೀನು ಹೆದರಿ ಮೇಲೇ ಹಾವಿನ ಹಾಗೆ ಓಡಿಸಿ ವೇಗ ಕಳಕೊಂಡು, ದರ್ಜಿ ಅಂಗಡಿ ಹತ್ತಿರದ ಸಮತಟ್ಟಿನಲ್ಲಿ ಧೊಪ್ ಅಂತ ಬಿದ್ದೆ. ಮಾರನೇ ದಿನ ನೆಟ್ಟಗೆ ಬಂದು ಗೇಟಿಗೇ ಗುದ್ದಿ, ಅಮ್ಮ ಒಣಹಾಕಿದ್ದ ಸೀರೆಯಲ್ಲಿ ಸುತ್ತಿಕೊಂಡೆ. ಅವಳು ನಿನ್ನ ಬಿಟ್ಟು ನನ್ನನ್ನು ಬೈದಳು. ಅವತ್ತು ನಿನಗೆ ಹೇಳಿದ ಮಾತನ್ನೇ ಆಮೇಲೆ ನಾನು ಎಲ್ಲಾ ವಿದ್ಯಾರ್ಥಿಗಳಿಗೂ ಹೇಳ್ತಾ ಬಂದೆ. ಹೆಚ್ಚಿದ್ದನ್ನು ಕಳೆಯಬಹುದು ಮಗಳೇ, ಇಲ್ಲದ್ದನ್ನು ತರೋಕಾಗಲ್ಲ. ಅಲ್ಲಿಂದಾಚೆ ನೀನು ಗೇಟಿನ ಹತ್ತಿರ ಬಂದಮೇಲೇ ಸೈಕಲ್ ಬಳುಕಿಸಿ ಹೆಚ್ಚಿನ ವೇಗ ಕಳೀತಿದ್ದೆ.

ಆಮೇಲೆ ನೀನು ದೊಡ್ಡವಳಾಗಿ, ಹಾರೋದು ಕಲಿಯೋಕೆ ವಿಮಾನದಲ್ಲಿ ನನ್ನ ಎಡಗಡೆ ಸೀಟಿನಲ್ಲಿ ಬಂದು ಕೂತೆ. ಎಷ್ಟು ಹೆಮ್ಮೆ ನನಗೆ! ಮುಖ ಮಾತ್ರ ಗಂಟು ಹಾಕಿಕೊಂಡಿದ್ದೆ, ಗುರು ಅಲ್ವಾ. ಮೇಲೆ ಹೋದಮೇಲೆ ಇಂಜಿನ್ನಿನ ಹಿಡಿ ಹಿಂದಕ್ಕೆಳೆದು ಅದರ ಸದ್ದಡಗಿಸಿ, ವೇಗ ತೋರಿಸೋ ಮುಳ್ಳಿನ ಮೇಲೆ ನನ್ನ ಕರವಸ್ತ್ರ ಸಿಕ್ಕಿಸಿದೆ. ಅಪ್ಪಾ, ಏನೂ ಕಾಣಲ್ಲ ಅಂತ ನೀನು ಕೂಗಿಕೊಂಡೆ.

"ನೋಡಬೇಡ, ಕಿವಿ ಕೊಡು," ಅಂದೆ ನಾನು.

ನೀನು ಕಿವಿ ಕೊಟ್ಟೆ. ಮೂಗು ಇಳಿದರೆ ಗಾಳಿ ಜೋರಾಗಿ ಕೂಗುತ್ತೆ. ಮೂಗು ಎತ್ತಿದರೆ ಸದ್ದು ಸಣ್ಣಗಾಗ್ತಾ ಹೋಗುತ್ತೆ, ಅದು ಸತ್ತರೆ ರೆಕ್ಕೆಯೂ ಸತ್ತ ಹಾಗೇ, ವಿಮಾನ ಕಲ್ಲಿನಂತೆ ಬೀಳುತ್ತೆ. ಇವೆರಡರ ನಡುವೆ, ಪಾತ್ರೆ ಮುಚ್ಚಳದ ಸಂದಿಯಿಂದ ಆವಿ ಬರೋ ಹಾಗೆ, ಸುಯ್ ಅನ್ನೋ ಒಂದು ಸಮನಾದ ಸದ್ದಿದೆ. ಅದನ್ನು ನೀನು ಒಂದೇ ಪಾಠಕ್ಕೆ ಹಿಡಿದೆ. ಬೇರೆಯವರು ತಿಂಗಳುಗಟ್ಟಲೆ ಒದ್ದಾಡ್ತಿದ್ದರು. ಕೆಳಗಿಳಿದು ಎಣ್ಣೆ ಮಾಮನ ಹತ್ತಿರ, ಇವಳಿಗೆ ನನ್ನ ಕಿವಿ ಬಂದಿದೆ ಕಣೋ, ಅಂತ ಜಂಬ ಕೊಚ್ಚಿಕೊಂಡೆ.

ಈಗ ಆ ಕಾರ್ಯದರ್ಶಿಗೆ ನನ್ನ ಪರವಾಗಿ ಹೇಳು. ಇಂಜಿನ್ ನಿಂತಮೇಲೆ ಕೈಯಲ್ಲಿರೋದು ಎರಡೇ, ಎತ್ತರ ಮತ್ತು ವೇಗ. ಎತ್ತರ ಕೊಟ್ಟು ವೇಗ ಉಳಿಸಿಕೊಳ್ಳಬೇಕು. ಅಷ್ಟು ತಗ್ಗಿನಲ್ಲಿ ಮೂಗೆತ್ತಿ ತಿರುಗಿಸಲು ಹೋದವಳು ಎರಡನ್ನೂ ಕಳಕೊಂಡು ರನ್‌ವೇ ಮುಟ್ಟೋ ಮೊದಲೇ ಮಣ್ಣಾಗ್ತಿದ್ದಳು. ಆ ಹುಡುಗಿ ಗಾಬರಿಯಲ್ಲಿ ಹಿಂದಕ್ಕೆಳೆದಿದ್ದ, ಮೂಗು ಎತ್ತಿ ಇಳಿಸೋ ಹಿಡಿಯನ್ನು ನೀನು ಕಿತ್ತುಕೊಂಡು ಮೂಗು ಇಳಿಸಿದೆ. ಎದುರಿಗಿದ್ದ ಕೊಯ್ಲಾದ ಹೊಲವನ್ನೇ ನಂಬಿದೆ. ಹೊಲದ ಅಂಚಿಗೆ ಬಂದಾಗ ಎತ್ತರ ಹೆಚ್ಚಾಯ್ತು ಅನ್ನಿಸಿ ಒಂದು ರೆಕ್ಕೆ ತಗ್ಗಿಸಿ ಅಡ್ಡಡ್ಡ ಜಾರಿಸಿ ಹೆಚ್ಚಿದ್ದನ್ನು ಕಳೆದೆಯಂತೆ. ಅದನ್ನು ಕೇಳಿದಾಗ ನನಗೆ ಗೇಟಿನ ಹತ್ತಿರ ಸೈಕಲ್ ಬಳುಕಿಸ್ತಾ ಬರೋ ಗುಬ್ಬಿಯೇ ಕಣ್ಮುಂದೆ ಬಂದಳು. ನಾನು ಅತ್ತುಬಿಟ್ಟೆ, ಎಣ್ಣೆ ಮಾಮನೂ ಅತ್ತ. ಮುಂದಿನ ಚಕ್ರ ಕಾಲುವೆಗೆ ಸಿಕ್ಕಿ ಮುರೀತು, ಮುರೀಲಿ ಬಿಡು. ಚಕ್ರ ಅಂಗಡಿಯಲ್ಲಿ ಸಿಗುತ್ತೆ.

ಹೆಡ್‌ಫೋನ್ ವಾಪಸ್ ತಗೋ. ಆ ಹುಡುಗಿಯನ್ನು ಮತ್ತೆ ಪಕ್ಕದಲ್ಲಿ ಕೂರಿಸಿಕೊಂಡು ನೀನೇ ಮೇಲಕ್ಕೆ ಕರಕೊಂಡು ಹೋಗು, ಇಲ್ಲದಿದ್ದರೆ ಅವಳ ಭಯ ಅಲ್ಲೇ ಹೆಪ್ಪುಗಟ್ಟುತ್ತೆ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ರೆಕ್ಕೆ ಕೆಳಗೆ ಯಾವಾಗಲೂ ಗಾಳಿ ಇರಲಿ.

ನಿನ್ನ
ಅಪ್ಪ

ಮರೆತ ಮಾತು: ಮರೆತಿದ್ದಲ್ಲ, ಬರೆಯೋಕೆ ಧೈರ್ಯ ಸಾಲಲಿಲ್ಲ. ಹೊಲದ ಬದುವಿನಲ್ಲಿ ನಿಂತು ನೀನು ಯಾರಿಗಿಂತಲೂ ಮೊದಲು ನನಗೆ ಫೋನ್ ಮಾಡಿದೆಯಂತೆ. ನಾನು "ಸರಿ ಮಗಳೇ, ಒಳ್ಳೇದು, ಆಮೇಲೆ ಮಾಡು" ಅಂತ ಇಟ್ಟುಬಿಟ್ಟೆ. ಅಪ್ಪನಿಗೂ ನನ್ನದೇ ತಪ್ಪು ಅನ್ನಿಸಿದೆ, ಇನ್ಯಾಕೆ ಹಾರಲಿ ಅಂತ ಎಣ್ಣೆ ಮಾಮನ ಹತ್ತಿರ ನೀನು ಅತ್ತೆಯಂತೆ. ಅವತ್ತು ಅಮ್ಮ ನಿನ್ನ ದೊಡ್ಡಮ್ಮನ ಮನೆಗೆ ಹೋಗಿದ್ದಳು. ಅವಳಿದ್ದರೆ ಫೋನ್ ತಗೊಂಡು, ನೀನು ಹೇಳಿದ್ದನ್ನು ನನಗೆ ಕೂಗಿ ಹೇಳ್ತಿದ್ದಳು, ಇಷ್ಟು ದಿನ ಮಾಡ್ತಾ ಬಂದ ಹಾಗೆ. ನಿನ್ನ ಒಂದು ಮಾತೂ ನನಗೆ ಕೇಳಿಸಲಿಲ್ಲ ಗುಬ್ಬಿ. ಫೋನ್ ಮಾಡಿದ್ದು ನೀನು ಅನ್ನೋದಷ್ಟೇ ಗೊತ್ತಾಯ್ತು. ಎಲ್ಲರಿಗೂ ಕಿವಿ ಕೊಡು ಅಂದವನು ಕಿವಿ ಹೋಯ್ತು ಅಂತ ನಿನಗೆ ಹೇಗೆ ಹೇಳಲಿ? ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿಯಲ್ಲಿ ಚೂರು ಉಳಿದಿದೆ. ಬಾ, ಪಾಠದ ದಿನಗಳಲ್ಲಿ ಕೂರ್ತಿದ್ದ ಕಡೆಗೇ ಕೂತ್ಕೋ. ಅವತ್ತು ಹೇಳಿದ್ದನ್ನೆಲ್ಲ ಮೊದಲಿನಿಂದ ಹೇಳು.